ಹೂಡಿಕೆ ಸಲಹೆಗಾರರ ಪರೀಕ್ಷೆ: ಲೆಕ್ಕ ಎಲ್ಲಿ ತಪ್ಪುತ್ತದೆ?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಬ್ಯಾಂಕಿನ ನಂಟಿಲ್ಲದ ಮನೆ ಅಪರೂಪ. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆ 1906ರಲ್ಲಿ ಉಡುಪಿಯಲ್ಲಿ ಹುಟ್ಟಿತು. ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಹುಟ್ಟಿದ್ದು 1925ರಲ್ಲಿ, ಅದೂ ಉಡುಪಿಯಲ್ಲೇ. ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುವ ಪಿಗ್ಮಿ ಠೇವಣಿಯನ್ನು ಆ ಬ್ಯಾಂಕ್ 1928ರಲ್ಲಿ ಶುರು ಮಾಡಿತು. ಸಂಜೆ ಅಂಗಡಿ ಬಾಗಿಲಿಗೆ ಬಂದು ಹಣ ಎತ್ತಿ, ಪುಸ್ತಕದಲ್ಲಿ ಬರೆದುಕೊಡುತ್ತಿದ್ದ ಪಿಗ್ಮಿ ಏಜೆಂಟ್ ಈ ಕರಾವಳಿಗೆ ಉಳಿತಾಯ ಕಲಿಸಿದ ಮೇಷ್ಟ್ರು. ಆತನ ಸಂಪಾದನೆ ಬ್ಯಾಂಕ್ ಕೊಡುವ ಕಮಿಷನ್. ಹಣ ಕಟ್ಟಿದವರು ಆತನಿಗೆ ಏನನ್ನೂ ಕೊಡಬೇಕಿರಲಿಲ್ಲ. ಈ ಒಂದು ಸಂಗತಿ ನೆನಪಿರಲಿ, ಮುಂದೆ ಬರುವ ನಿಯಮಗಳ ಮಾತಿಗೆ ಅದೇ ಬೀಗದ ಕೈ.

ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ 2020ರ ಏಪ್ರಿಲ್ 1ರಂದು ಸೇರಿಹೋದವು. ಉಳಿಸುವ ರೂಢಿ ಮಾತ್ರ ಹೋಗಿಲ್ಲ. ಮುಂಬೈಯ ಹೋಟೆಲಿನಿಂದ, ದುಬೈಯಿಂದ, ಬೆಂಗಳೂರಿನ ಕಂಪನಿಯಿಂದ ಊರಿಗೆ ಬರುವ ಹಣ ಈಗ ಪಿಗ್ಮಿ ಪುಸ್ತಕದಲ್ಲಿ ಹಿಡಿಯುವುದಿಲ್ಲ. 'ಇದನ್ನು ಎಲ್ಲಿ ಹಾಕುವುದು ಮಾರಾಯ್ರೆ?' ಎಂದು ಕೇಳುವವರು ಹೆಚ್ಚಾಗಿದ್ದಾರೆ. ಶುಲ್ಕ ಪಡೆದು, ಕೇಳಿದವರ ಪಕ್ಷದಲ್ಲಿ ಕೂತು ಉತ್ತರ ಹೇಳಲು ಕಾನೂನಿನ ಅನುಮತಿ ಇರುವವರು ಇಡೀ ದೇಶದಲ್ಲೇ ಸಾವಿರದ ಆಸುಪಾಸು. ಮ್ಯೂಚುವಲ್ ಫಂಡ್ ಮಾರುವವರು ಲಕ್ಷಕ್ಕೂ ಮಿಕ್ಕಿ ಇದ್ದಾರೆ. ಈ ಅಂತರ ನನ್ನನ್ನು ಬಹಳ ಕಾಡುತ್ತದೆ. ಬಿ.ಕಾಂ. ಮುಗಿಸಿದ ಮಕ್ಕಳೂ ನಿವೃತ್ತ ಬ್ಯಾಂಕ್ ಅಧಿಕಾರಿಗಳೂ ಇಷ್ಟೊಂದು ಮಂದಿ ಇರುವ ನಮ್ಮ ಮೂರು ತಾಲೂಕುಗಳಿಂದ ಹೂಡಿಕೆ ಸಲಹೆಗಾರರ ಪರೀಕ್ಷೆಗೆ ಕೂರುವವರು ಇನ್ನೂ ಹೆಚ್ಚಬೇಕು.

ಮೊದಲು ಚುಟುಕಾಗಿ ವಿವರ. ಬಂಡವಾಳ ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ. ಅದು ಸ್ಥಾಪಿಸಿದ ಶಿಕ್ಷಣ ಸಂಸ್ಥೆ ಎನ್‌ಐಎಸ್‌ಎಂ. ಹೂಡಿಕೆ ಸಲಹೆಗಾರರಿಗಾಗಿ ಸೆಬಿ 2013ರಲ್ಲಿ ಪ್ರತ್ಯೇಕ ನಿಯಮಾವಳಿ ತಂದಿತು. ಅದರಂತೆ ನೋಂದಣಿ ಬಯಸುವವರು ಎನ್‌ಐಎಸ್‌ಎಂನ ಎರಡು ಪರೀಕ್ಷೆ ಪಾಸಾಗಬೇಕು: ಸರಣಿ 10-ಎ ಮತ್ತು 10-ಬಿ. ಪ್ರತಿಯೊಂದಕ್ಕೂ 150 ಅಂಕ, ಮೂರು ಗಂಟೆ, ಪಾಸಾಗಲು ಶೇಕಡಾ 60. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಳೆಯುತ್ತಾರೆ. ಪ್ರಮಾಣಪತ್ರದ ಆಯುಸ್ಸು ಮೂರು ವರ್ಷ. ಮೊದಲನೆಯದರಲ್ಲಿ ಹಣಕಾಸು ಯೋಜನೆಯ ಬುಡ, ಮಾರುಕಟ್ಟೆ, ಹೂಡಿಕೆಯ ಬಗೆಗಳು, ನಿಯಮಗಳು ಬರುತ್ತವೆ. ಎರಡನೆಯದರಲ್ಲಿ ವಿಮೆ, ನಿವೃತ್ತಿ, ತೆರಿಗೆ, ಆಸ್ತಿ ಹಸ್ತಾಂತರಕ್ಕೆ ಹೆಚ್ಚು ಜಾಗ. ಪರೀಕ್ಷೆ ಪಾಸಾದೊಡನೆ ಸಲಹೆಗಾರರಾಗುವುದಿಲ್ಲ. ಅದರ ಮೇಲೆ ಸೆಬಿ ನೋಂದಣಿ ಆಗಬೇಕು. 2024ರ ಡಿಸೆಂಬರಿನ ತಿದ್ದುಪಡಿ ಹಿಂದಿದ್ದ ಅನುಭವದ ಷರತ್ತನ್ನು ತೆಗೆಯಿತು, ನಿವ್ವಳ ಆಸ್ತಿಯ ಷರತ್ತಿನ ಬದಲು ಠೇವಣಿ ತಂದಿತು. 150 ಗ್ರಾಹಕರವರೆಗೆ ಆ ಠೇವಣಿ 1 ಲಕ್ಷ ರೂಪಾಯಿ. ಪದವಿಯ ಷರತ್ತನ್ನೂ ಸೆಬಿ ಆಗಾಗ ಪರಿಷ್ಕರಿಸುತ್ತದೆ. ಆದ್ದರಿಂದ ಪರೀಕ್ಷಾ ಶುಲ್ಕ ಕಟ್ಟುವ ಮುನ್ನ ನಿಯಮಾವಳಿಯ ಹೊಸ ಪ್ರತಿಯನ್ನೇ ಓದಿ. ಯಾರೋ ಹೇಳಿದ್ದನ್ನು ನಂಬಿ ಹೊರಡಬೇಡಿ.

ಈಗ ಪಿಗ್ಮಿ ಏಜೆಂಟರ ವಿಷಯಕ್ಕೆ ಬರೋಣ. ಅವರಂತೆ ಕಮಿಷನ್ ಮೇಲೆ ದುಡಿಯುವವರೇ ಮ್ಯೂಚುವಲ್ ಫಂಡ್ ಮಾರುವ ವಿತರಕರು. ವಿತರಕರು ಮತ್ತು ಸಲಹೆಗಾರರ ನಡುವಿನ ಗೆರೆ ಕಂಡರೆ ಪಠ್ಯದ ನಿಯಮಗಳ ಭಾಗ ಅರ್ಧ ಓದಿದಂತೆಯೇ. ವಿತರಕರಿಗೆ ಹಣ ಬರುವುದು ಫಂಡ್ ಕಂಪನಿಯಿಂದ. ಅವರಿಗಿರುವುದು 5-ಎ ಎಂಬ ಬೇರೆ, ಹಗುರವಾದ ಪರೀಕ್ಷೆ. ಅಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಶೇಕಡಾ 50 ಬಂದರೆ ಸಾಕು. ಸಲಹೆಗಾರರಿಗೆ ಹಣ ಬರುವುದು ಗ್ರಾಹಕರ ಕೈಯಿಂದ, ಬರೀ ಶುಲ್ಕವಾಗಿ. ಒಂದೇ ಗ್ರಾಹಕರಿಂದ ಶುಲ್ಕ, ಅದೇ ಹೂಡಿಕೆಗೆ ಕಂಪನಿಯಿಂದ ಕಮಿಷನ್ ಎಂದು ಎರಡೂ ಕಡೆ ಕೈ ಚಾಚುವಂತಿಲ್ಲ. 2020ರ ತಿದ್ದುಪಡಿಯ ನಂತರ ನೋಂದಣಿಯಿಲ್ಲದ ವಿತರಕರು ತಮ್ಮನ್ನು ಸಲಹೆಗಾರರೆಂದು ಕರೆದುಕೊಳ್ಳುವಂತೆಯೂ ಇಲ್ಲ. ಗ್ರಾಹಕರ ಹಿತವೇ ಮೊದಲು ಎಂಬುದು ಸಲಹೆಗಾರರಿಗೆ ಕಾನೂನೇ ಹೊರಿಸಿದ ಹೊಣೆ. ಗ್ರಾಹಕರು ಎಷ್ಟು ನಷ್ಟ ತಾಳಬಲ್ಲರು ಎಂದು ಅಳೆದು ದಾಖಲಿಸಬೇಕು, ಕೊಟ್ಟ ಸಲಹೆ ಅವರಿಗೆ ಏಕೆ ಹೊಂದುತ್ತದೆ ಎಂದು ಬರೆದಿಡಬೇಕು, ಆ ದಾಖಲೆಯನ್ನು ಐದು ವರ್ಷ ಕಾಯ್ದಿಡಬೇಕು. ವಿತರಕರು ಕೆಟ್ಟವರೆಂದು ಇದರ ಅರ್ಥವಲ್ಲ. ಊರೂರಿಗೆ ಫಂಡ್ ತಲುಪಿಸಿದವರು ಅವರೇ. ಆದರೆ ಯಾರ ಹಣ ಯಾರ ಕೈಯಿಂದ ಬರುತ್ತದೆ ಎಂದು ಕೇಳುವ ಅಭ್ಯಾಸವಿದ್ದರೆ ನೀತಿ ಮತ್ತು ನಿಯಮದ ಪ್ರಶ್ನೆಗಳಿಗೆ ಬಾಯಿಪಾಠ ಬೇಕಾಗುವುದಿಲ್ಲ.

ನಾನು ಮನಸಾರೆ ಪ್ರೀತಿಸುವ ಭಾಗ ಇನ್ನು ಬರುತ್ತದೆ: ಕಾಲಕ್ಕೆ ತಕ್ಕಂತೆ ಹಣದ ಬೆಲೆ. ಎಷ್ಟೋ ಮಂದಿ ಈ ಅಧ್ಯಾಯಕ್ಕೆ ಹೆದರಿ ಷೇರು ಮಾರುಕಟ್ಟೆಯ ಅಧ್ಯಾಯಗಳಿಂದ ಓದು ಶುರುಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಉಳಿದ ಪಠ್ಯದ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ನಮ್ಮ ಕಡೆ ಮನೆಮನೆಗೆ ಬರುವ ಒಂದು ಮಾತನ್ನು ತೆಗೆದುಕೊಳ್ಳಿ: 'ವರ್ಷಕ್ಕೆ ಒಂದು ಲಕ್ಷದಂತೆ ಹದಿನೈದು ವರ್ಷ ಕಟ್ಟಿ. ಇಪ್ಪತ್ತು ವರ್ಷ ತುಂಬಿದಾಗ ಇಪ್ಪತ್ತೈದು ಲಕ್ಷ ತೆಕ್ಕೊಳ್ಳಿ.' ಕಟ್ಟಿದ್ದು 15, ಬಂದದ್ದು 25, ಲಾಭ 10 ಲಕ್ಷ. ಹದಿನೈದಕ್ಕೆ ಹತ್ತು ಎಂದರೆ ಶೇಕಡಾ 66ಕ್ಕೂ ಹೆಚ್ಚು! ಕೇಳಿದವರ ಮುಖ ಅರಳುತ್ತದೆ. ಲೆಕ್ಕ ಗೊತ್ತಿದ್ದವರು ಇನ್ನೊಂದು ಹೆಜ್ಜೆ ಹೋಗಿ ಅದನ್ನು 20ರಿಂದ ಭಾಗಿಸಿ ವರ್ಷಕ್ಕೆ ಶೇಕಡಾ 3.3 ಎನ್ನುತ್ತಾರೆ. ಎರಡೂ ತಪ್ಪು.

ಎಲ್ಲಿ ತಪ್ಪಿತು? ಹದಿನೈದು ಲಕ್ಷವೂ ಇಪ್ಪತ್ತು ವರ್ಷ ಅಲ್ಲಿರಲಿಲ್ಲ. ವರ್ಷದ ಮೊದಲಲ್ಲೇ ಕಟ್ಟುತ್ತಾರೆ ಎಂದುಕೊಳ್ಳೋಣ. ಮೊದಲ ಕಂತು 20 ವರ್ಷ ದುಡಿಯಿತು, ಎರಡನೆಯದು 19, ಮೂರನೆಯದು 18. ಹೀಗೆ ಇಳಿಯುತ್ತ ಹದಿನೈದನೆಯ ಕಂತು ದುಡಿದದ್ದು 6 ವರ್ಷ ಮಾತ್ರ. ಎಲ್ಲ ಕೂಡಿಸಿದರೆ 195, ಅಂದರೆ ಒಂದೊಂದು ಲಕ್ಷ ಸರಾಸರಿ 13 ವರ್ಷ ಅಲ್ಲಿತ್ತು. ಹತ್ತು ಲಕ್ಷ ಲಾಭವನ್ನು ಈ 195ಕ್ಕೆ ಹಂಚಿದರೆ ಸರಳ ಬಡ್ಡಿಯ ಲೆಕ್ಕದಲ್ಲಿ ಶೇಕಡಾ 5.1 ಆಗುತ್ತದೆ. ಆದರೆ ಬ್ಯಾಂಕಿನ ಠೇವಣಿ, ಪಿಪಿಎಫ್ ಎಲ್ಲ ಓಡುವುದು ಚಕ್ರಬಡ್ಡಿಯಲ್ಲಿ. ಹೋಲಿಸಬೇಕಾದರೆ ಇದನ್ನೂ ಅದೇ ಅಳತೆಗೆ ತರಬೇಕು. ಎಷ್ಟು ಚಕ್ರಬಡ್ಡಿ ಹಾಕಿದರೆ ಹದಿನೈದು ಕಂತುಗಳು ಸೇರಿ ಇಪ್ಪತ್ತನೆಯ ವರ್ಷದ ಕೊನೆಗೆ ಸರಿಯಾಗಿ 25 ಲಕ್ಷ ಆಗುತ್ತವೆ? ಶೇಕಡಾ 4 ಹಾಕಿ ನೋಡಿದರೆ 25.34 ಲಕ್ಷ, ಸ್ವಲ್ಪ ಹೆಚ್ಚಾಯಿತು. ಶೇಕಡಾ 3.9 ಹಾಕಿದರೆ 25 ಲಕ್ಷ. ಅಷ್ಟೇ ಅದರ ನಿಜವಾದ ಗಳಿಕೆ. ಅದೇ ಕಂತುಗಳು ಶೇಕಡಾ 7ರಲ್ಲಿ ಬೆಳೆದಿದ್ದರೆ ಸುಮಾರು 37.7 ಲಕ್ಷ ಆಗುತ್ತಿದ್ದವು.

ವಿಮೆಯ ಪಾಲಿಸಿಯಾದರೆ ಕಂತಿನ ಒಂದು ಪಾಲು ಜೀವಕ್ಕೆ ರಕ್ಷಣೆ ಕೊಡಲು ಹೋಗಿರುತ್ತದೆ. ಅದನ್ನು ಮರೆತು ಹೋಲಿಸಿದರೆ ಅನ್ಯಾಯ. ಸಲಹೆಗಾರರು ಮಾಡಬೇಕಾದದ್ದು ಎರಡನ್ನೂ ಬಿಡಿಸಿ ತೋರಿಸುವುದು: ಇಷ್ಟು ರಕ್ಷಣೆಗೆ ಬರೀ ಟರ್ಮ್ ಪಾಲಿಸಿಯಾದರೆ ಎಷ್ಟು ಕಂತು, ಉಳಿದ ಹಣ ಎಲ್ಲಿ ಎಷ್ಟು ಬೆಳೆಯುತ್ತಿತ್ತು. ಎರಡನೆಯ ಪರೀಕ್ಷೆಯ ವಿಮೆಯ ಅಧ್ಯಾಯ ಓದುವಾಗ ಈ ಲೆಕ್ಕ ಪಕ್ಕದಲ್ಲಿರಲಿ.

ಶೇಕಡಾ 3.9 ಎಂಬುದರ ಕಥೆ ಇನ್ನೂ ಮುಗಿದಿಲ್ಲ. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರುತ್ತಿದ್ದರೆ ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಆ ಗಳಿಕೆ ಎಷ್ಟು? ಇಲ್ಲಿ ಓದುವವರು ಎಡವುವ ಎರಡನೆಯ ಜಾಗ ಬರುತ್ತದೆ. 3.9ರಿಂದ 6 ಕಳೆದು ಮೈನಸ್ 2.1 ಎನ್ನುತ್ತಾರೆ. ಸರಿಯಾದ ದಾರಿ ಭಾಗಾಕಾರ: 1.039ನ್ನು 1.06ರಿಂದ ಭಾಗಿಸಿ, 1 ಕಳೆಯಿರಿ. ಶೇಕಡಾ ಮೈನಸ್ 1.98 ಬರುತ್ತದೆ. ವ್ಯತ್ಯಾಸ ಸಣ್ಣದೆಂದು ಕಾಣುತ್ತದೆ. ಆದರೆ ಉತ್ತರದ ಆಯ್ಕೆಗಳಲ್ಲಿ ಎರಡೂ ಇದ್ದರೆ ಅಂಕ ಹೋಯಿತು, ನಿವೃತ್ತಿಯ ಲೆಕ್ಕದಲ್ಲಾದರೆ ಲಕ್ಷಗಳೇ ಹೋಗುತ್ತವೆ. ಮೂರನೆಯ ಜಾಗ ಇನ್ನೂ ಮೋಸದ್ದು. ಕಂತು ವರ್ಷದ ಮೊದಲಲ್ಲೋ, ಕೊನೆಯಲ್ಲೋ? ವರ್ಷಕ್ಕೆ ಒಂದು ಲಕ್ಷ, ಹದಿನೈದು ವರ್ಷ, ಶೇಕಡಾ 7. ಕೊನೆಯಲ್ಲಿ ಕಟ್ಟಿದರೆ 25.13 ಲಕ್ಷ, ಮೊದಲಲ್ಲಿ ಕಟ್ಟಿದರೆ 26.89 ಲಕ್ಷ. ಎಕ್ಸೆಲ್‌ನಲ್ಲಿ ಇದು ಕೊನೆಯ ಸ್ಥಾನದಲ್ಲಿ ಹಾಕುವ 0 ಅಥವಾ 1. ಪ್ರಶ್ನೆ ಓದುವಾಗಲೇ ಆ ಪದಕ್ಕೆ ಗೆರೆ ಎಳೆಯಿರಿ.

ಅಭ್ಯಾಸ ಹೇಗೆ ಎಂದರೆ, ಪಿವಿ (ಇಂದಿನ ಬೆಲೆ), ಎಫ್‌ವಿ (ಮುಂದಿನ ಬೆಲೆ), ಪಿಎಂಟಿ (ಕಂತು), ರೇಟ್ (ಬಡ್ಡಿದರ), ಎನ್‌ಪರ್ (ಕಂತುಗಳ ಸಂಖ್ಯೆ) ಎಂಬ ಐದು ಸೂತ್ರಗಳನ್ನು ಮೊದಲು ಕಾಗದದಲ್ಲಿ, ಆಮೇಲೆ ಎಕ್ಸೆಲ್‌ನಲ್ಲಿ ಮಾಡಿ. ಕಾಗದದಲ್ಲಿ ಕಾಲದ ಗೆರೆ ಎಳೆದು, ಯಾವ ವರ್ಷ ಹಣ ಹೋಯಿತು, ಯಾವ ವರ್ಷ ಬಂತು ಎಂದು ಗುರುತು ಹಾಕದೆ ಯಂತ್ರ ಮುಟ್ಟಬೇಡಿ. ಎನ್‌ಐಎಸ್‌ಎಂನ ಪಠ್ಯಪುಸ್ತಕ ಇಂಗ್ಲಿಷಿನಲ್ಲಿದೆ. ಕನ್ನಡ ಮಾಧ್ಯಮದಿಂದ ಬಂದವರು ಅದಕ್ಕೆ ಅಂಜಬೇಕಾಗಿಲ್ಲ. ಪ್ರತಿ ಅಧ್ಯಾಯ ಮುಗಿದ ಮೇಲೆ ಅದನ್ನು ಮನೆಯ ಹಿರಿಯರೊಬ್ಬರಿಗೆ ಕನ್ನಡದಲ್ಲಿ ವಿವರಿಸಿ. ಅವರಿಗೆ ಅರ್ಥವಾಗದಿದ್ದರೆ ನಿಮಗೂ ಆಗಿಲ್ಲ, ಮತ್ತೆ ಓದಿ. ನಾಳೆ ನಿಮ್ಮ ಮುಂದೆ ಕೂರುವ ಗ್ರಾಹಕರೂ ಕನ್ನಡದಲ್ಲೇ ಕೇಳುವವರು.

ಅಂಕ ಕಳೆಯುವ ವಿಚಾರದಲ್ಲೂ ಒಂದು ತಪ್ಪು ತಿಳಿವಳಿಕೆ ಬೇರೂರಿದೆ: ಗೊತ್ತಿಲ್ಲದ ಪ್ರಶ್ನೆ ಮುಟ್ಟಲೇಬಾರದು ಎನ್ನುತ್ತಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ನಾಲ್ಕು ಆಯ್ಕೆಯ, ಒಂದೊಂದು ಅಂಕದ ನಾಲ್ಕು ಪ್ರಶ್ನೆಗೆ ಕಣ್ಣುಮುಚ್ಚಿ ಉತ್ತರಿಸಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. ಒಂದು ಅಂಕ ಬಂತು, ಮುಕ್ಕಾಲು ಹೋಯಿತು, ಕಾಲು ಉಳಿಯಿತು. ನಷ್ಟವಿಲ್ಲ, ಲಾಭವೂ ಅತ್ಯಲ್ಪ: ನಲವತ್ತು ಪ್ರಶ್ನೆ ಹಾಗೆ ಮಾಡಿದರೆ ಸಿಗುವುದು ಸರಾಸರಿ ಎರಡೂವರೆ ಅಂಕ. ಒಂದು ಆಯ್ಕೆ ಖಂಡಿತ ತಪ್ಪೆಂದು ಹೊಡೆದುಹಾಕಬಲ್ಲಿರಾದರೆ ಚಿತ್ರ ಬದಲಾಗುತ್ತದೆ. ಆಗ ಮೂರು ಪ್ರಶ್ನೆಗೆ ಅರ್ಧ ಅಂಕ ಉಳಿಯುತ್ತದೆ. ಹಾಗಾಗಿ ಅರ್ಧ ಗೊತ್ತಿರುವ ಪ್ರಶ್ನೆಯನ್ನು ಬಿಟ್ಟುಬರಬೇಡಿ. ಸಂಭವನೀಯತೆಯ ಈ ಲೆಕ್ಕವೇ ಅಪಾಯ ಮತ್ತು ಗಳಿಕೆಯ ಅಧ್ಯಾಯದಲ್ಲಿ ಬೇರೆ ವೇಷದಲ್ಲಿ ಬರುತ್ತದೆ ಎಂಬುದು ನನಗೆ ಬಹಳ ಖುಷಿ ಕೊಡುವ ಸಂಗತಿ.

ಒಂದು ಕುಟುಂಬದ ವಿವರ ಕೊಟ್ಟು ಸರಣಿಯಾಗಿ ಕೇಳುವ ಪ್ರಶ್ನೆಗಳಿಗೆ ನಮ್ಮ ಊರೇ ಪಾಠಶಾಲೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಗಂಗೊಳ್ಳಿಯ ಬೋಟಿನಲ್ಲಿ ದುಡಿಯುವ ಮನೆಗೆ 61 ದಿನ ಆ ಸಂಪಾದನೆ ಇಲ್ಲ. ತುರ್ತು ನಿಧಿ ಎಂದರೆ ಆರು ತಿಂಗಳ ಖರ್ಚು ಎಂಬ ಸಿದ್ಧ ಸೂತ್ರ ಆ ಮನೆಗೆ ಸಾಕೇ? ಪ್ರತಿ ವರ್ಷ ಬಂದೇ ಬರುವ ಎರಡು ತಿಂಗಳು ತುರ್ತು ಅಲ್ಲ, ಯೋಜನೆಯ ಭಾಗ. ಅದಕ್ಕೆ ಬೇರೆಯೇ ಹಣ ತೆಗೆದಿಡಬೇಕು, ತುರ್ತು ನಿಧಿ ಅದರ ಮೇಲೆ. ಕೊಲ್ಲಿಯಲ್ಲಿರುವ ಮಗ, ಬ್ರಹ್ಮಾವರದಲ್ಲಿ ಪಿಂಚಣಿ ಪಡೆಯುವ ತಂದೆ ಇರುವ ಮನೆಯಾದರೆ ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆ ಹೇಗೆ, ಮಗ ಊರಿಗೆ ಮರಳಿದರೆ ಏನಾಗುತ್ತದೆ, ಹಿರಿಯ ನಾಗರಿಕರ ಠೇವಣಿಗೆ ಯಾವ ವಿನಾಯಿತಿ ಎಂದು ಒಂದೇ ಮನೆಯಲ್ಲಿ ಹಲವು ಅಧ್ಯಾಯ ಸಿಗುತ್ತವೆ.

ಭಂಡಾರ್‌ಕಾರ್ಸ್ ಕಾಲೇಜಿನಂತಹ ನಮ್ಮ ಕಾಲೇಜುಗಳ ವಾಣಿಜ್ಯ ವಿಭಾಗಗಳು ಕೊನೆಯ ವರ್ಷದ ವಿದ್ಯಾರ್ಥಿಗಳನ್ನೂ ಊರಿನ ನಿವೃತ್ತ ಬ್ಯಾಂಕ್ ಅಧಿಕಾರಿಗಳನ್ನೂ ಒಟ್ಟಿಗೆ ಕೂರಿಸಿ ಓದಿಸಿದರೆ ಎಷ್ಟು ಚೆನ್ನ! ಹಿರಿಯರಿಗೆ ಗ್ರಾಹಕರ ಮನಸ್ಸು ಗೊತ್ತು, ಕಿರಿಯರಿಗೆ ಎಕ್ಸೆಲ್ ಗೊತ್ತು. ಅಂತಹ ಗುಂಪು ಮೊದಲ ದಿನ ಬಿಡಿಸಬೇಕಾದ ಲೆಕ್ಕ ಇಲ್ಲಿದೆ. ಕೋಟೇಶ್ವರದ ಮನೆಯೊಂದರ ಯಜಮಾನರಿಗೆ 40 ವರ್ಷ, ತಿಂಗಳ ಖರ್ಚು 30,000 ರೂಪಾಯಿ ಎಂದುಕೊಳ್ಳಿ. ಬೆಲೆಯೇರಿಕೆ ಶೇಕಡಾ 6. ಅರವತ್ತಕ್ಕೆ ಅದೇ ಖರ್ಚು ಎಷ್ಟು? 96,214 ರೂಪಾಯಿ ಬರಬೇಕು. ಆಮೇಲೆ 25 ವರ್ಷ, ವರ್ಷದ ಮೊದಲಲ್ಲೇ ಆ ವರ್ಷದ ಖರ್ಚು ತೆಗೆಯುತ್ತ, ಉಳಿದ ಹಣ ಶೇಕಡಾ 8ರಲ್ಲಿ ಬೆಳೆಯುತ್ತ ಹೋದರೆ ಅರವತ್ತರ ದಿನ ಕೈಯಲ್ಲಿ ಎಷ್ಟಿರಬೇಕು? 8ರಿಂದ 6 ಕಳೆದು 2 ಎಂದು ಬರೆಯದೆ, ಭಾಗಿಸಿ 1.887 ಎಂದು ಹಿಡಿದವರಿಗೆ ಸುಮಾರು 2 ಕೋಟಿ 33 ಲಕ್ಷ ಸಿಗುತ್ತದೆ. ಅಲ್ಲಿಗೆ ತಲುಪಲು ಅವರು ಇಂದಿನಿಂದ ತಿಂಗಳಿಗೆ ಎಷ್ಟು ಉಳಿಸಬೇಕು ಎಂಬುದನ್ನು ನೀವೇ ಕಾಲದ ಗೆರೆ ಎಳೆದು ಕಂಡುಹಿಡಿಯಿರಿ.