ರಾಷ್ಟ್ರಗೀತೆ ಹಾಡದ ಮೂವರು ಮಕ್ಕಳು ಮತ್ತು ಸಹಿಷ್ಣುತೆಯ ಪಾಠ

ಹಲವು ಧರ್ಮ, ಹಲವು ಭಾಷೆಗಳ ದೇಶದಲ್ಲಿ ಶಾಲೆಗಳು ಸಹಿಷ್ಣುತೆ ಕಲಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಕಲಿಸುವುದು ಹೇಗೆ? 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಲ್ಲಿ ಇದಕ್ಕೆ ಉತ್ತರವಿದೆ.

ಪ್ರಕರಣ ಕೇರಳದ್ದು. ಒಂದೇ ಮನೆಯ ಮೂವರು ಮಕ್ಕಳು ಬೆಳಗಿನ ಪ್ರಾರ್ಥನೆಯ ವೇಳೆ ರಾಷ್ಟ್ರಗೀತೆ ಹಾಡುತ್ತಿರಲಿಲ್ಲ. ಅವರ ಕುಟುಂಬ 'ಯೆಹೋವನ ಸಾಕ್ಷಿಗಳು' ಪಂಥಕ್ಕೆ ಸೇರಿತ್ತು. ಹಾಡುವುದು ತಮ್ಮ ನಂಬಿಕೆಗೆ ವಿರುದ್ಧ ಎಂಬುದು ಅವರ ನಿಲುವು. ಆದರೆ ಗೀತೆ ಮುಗಿಯುವವರೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು. 1985ರ ಜುಲೈನಲ್ಲಿ ಶಾಸಕರೊಬ್ಬರು ವಿಧಾನಸಭೆಯಲ್ಲಿ ವಿಷಯ ಎತ್ತಿದರು. ಮಕ್ಕಳು ಅಗೌರವ ತೋರಿಲ್ಲ ಎಂದು ತನಿಖೆ ಹೇಳಿದರೂ ಮೂವರನ್ನೂ ಶಾಲೆಯಿಂದ ಹೊರಹಾಕಲಾಯಿತು. ಹೈಕೋರ್ಟ್‌ನಲ್ಲೂ ಪರಿಹಾರ ಸಿಗಲಿಲ್ಲ.

ನ್ಯಾಯಮೂರ್ತಿಗಳಾದ ಒ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ ಅವರ ಪೀಠ ಈ ಕ್ರಮವನ್ನು ರದ್ದುಪಡಿಸಿತು. ರಾಷ್ಟ್ರಗೀತೆಯನ್ನು ಹಾಡಲೇಬೇಕೆಂಬ ಕಾನೂನು ಇಲ್ಲ. 1971ರ ರಾಷ್ಟ್ರ ಗೌರವ ಕಾಯ್ದೆಯಡಿ ಅಪರಾಧವಾಗುವುದು ಹಾಡುವವರನ್ನು ಉದ್ದೇಶಪೂರ್ವಕವಾಗಿ ತಡೆಯುವುದು ಅಥವಾ ಸಭೆಗೆ ಅಡ್ಡಿಪಡಿಸುವುದು. ಸುಮ್ಮನೆ ಎದ್ದು ನಿಲ್ಲುವುದು ಅಪರಾಧವಲ್ಲ. ಹಾಗಾಗಿ ಮಕ್ಕಳನ್ನು ಹೊರಹಾಕಿದ್ದು ಸಂವಿಧಾನದ 19 ಮತ್ತು 25ನೇ ವಿಧಿಗಳ ಉಲ್ಲಂಘನೆ ಎಂದು ಪೀಠ ಹೇಳಿತು. ಒಂದು ನಂಬಿಕೆ ನಮಗೆ ಒಪ್ಪಿಗೆಯಾಗುತ್ತದೆಯೇ ಎಂಬುದು ಮುಖ್ಯವಲ್ಲ, ಅದು ಪ್ರಾಮಾಣಿಕವೇ ಎಂಬುದಷ್ಟೇ ಮುಖ್ಯ ಎಂದೂ ಸ್ಪಷ್ಟಪಡಿಸಿತು.

ಶಿಕ್ಷಕರು ಮತ್ತು ಪೋಷಕರು ಗಮನಿಸಬೇಕಾದ ಅಂಶ ಇದೇ. ಸಹಿಷ್ಣುತೆ ಎಂದರೆ ಇನ್ನೊಬ್ಬರ ನಂಬಿಕೆಯನ್ನು ಒಪ್ಪಿಕೊಳ್ಳುವುದಲ್ಲ, ಅದಕ್ಕೆ ಜಾಗ ಬಿಡುವುದು. ಮೂವರನ್ನು ಹೊರಗೆ ಕಳಿಸಿದಾಗ ಉಳಿದ ವಿದ್ಯಾರ್ಥಿಗಳಿಗೆ ಸಿಗುವ ಪಾಠವೇನು? 'ಬೇರೆಯಾಗಿದ್ದರೆ ಜಾಗವಿಲ್ಲ' ಎಂಬುದು. ಆ ಪಾಠವನ್ನು ಯಾವ ಪಠ್ಯಪುಸ್ತಕವೂ ಸುಲಭವಾಗಿ ಅಳಿಸಲಾರದು.

ಹಾಗೆಂದು ಶಾಲೆಗಳು ಧರ್ಮದ ಮಾತನ್ನೇ ಎತ್ತಬಾರದು ಎಂದಲ್ಲ. 28ನೇ ವಿಧಿಯ ಪ್ರಕಾರ, ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧರ್ಮಬೋಧನೆ ಮಾಡುವಂತಿಲ್ಲ. ಆದರೆ ಎಲ್ಲ ಧರ್ಮಗಳ ಬಗ್ಗೆ ತಿಳಿವಳಿಕೆ ನೀಡುವುದಕ್ಕೆ ಅಡ್ಡಿಯಿಲ್ಲ ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ರಂಜಾನ್ ಉಪವಾಸ, ಮಹಾವೀರ ಜಯಂತಿ, ಗುಡ್ ಫ್ರೈಡೇ ಏಕೆ ಎಂದು ಶಿಕ್ಷಕರು ವಿವರಿಸಬಹುದು. ಯಾವುದನ್ನೂ ಆಚರಿಸುವಂತೆ ಒತ್ತಾಯಿಸುವಂತಿಲ್ಲ.

ಮುಂಬೈ, ಚೆನ್ನೈ, ದೆಹಲಿಗಳ ಶಾಲೆಗಳಲ್ಲಿ ಕನ್ನಡದ ಮಕ್ಕಳೂ ಭಾಷೆಯ ಲೆಕ್ಕದಲ್ಲಿ ಅಲ್ಪಸಂಖ್ಯಾತರೇ. ಪಕ್ಕದ ಬೆಂಚಿನ ಮಗುವಿನ ನಂಬಿಕೆಗೆ ಸಿಗುವ ಗೌರವವೇ ಅವರ ಮಾತಿಗೂ ಸಿಗುವುದು.