ಏರಿಯಲ್ಲಿಗೂ ಬೇಕು ಹನ್ನೆರಡು ವೋಲ್ಟ್

ಕಾರಿನೊಂದಿಗೆ ಬಂದ ಸ್ಟೀರಿಯೊ ತೆಗೆದು ದುಬಾರಿಯ ಹೊಸದೊಂದನ್ನು ಕೂರಿಸಿದ ಮೇಲೆ ಬ್ಲೂಟೂತ್, ಯುಎಸ್‌ಬಿ ಎಲ್ಲವೂ ಸರಿಯಾಗಿ ನಡೆದು ಎಫ್‌ಎಂ ಮಾತ್ರ ಗೊರಗುಟ್ಟುವುದು ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ಚಿರಪರಿಚಿತ ದೂರು. ಹೆಚ್ಚಿನವರು ಆಗ ಏರಿಯಲ್ಲನ್ನು ಶಂಕಿಸುತ್ತಾರೆ. ಆದರೆ ಅನೇಕ ಸಂದರ್ಭಗಳಲ್ಲಿ ಏರಿಯಲ್ ಸುಸ್ಥಿತಿಯಲ್ಲಿಯೇ ಇದ್ದು, ಅದಕ್ಕೆ ಹೋಗಬೇಕಾದ ವಿದ್ಯುತ್ತು ನಿಂತುಹೋಗಿರುತ್ತದೆ.

ಎಫ್‌ಎಂ ಪ್ರಸಾರದ ವ್ಯಾಪ್ತಿ 88ರಿಂದ 108 ಮೆಗಾಹರ್ಟ್ಸ್. 100 ಮೆಗಾಹರ್ಟ್ಸ್‌ನ ಅಲೆಯ ಉದ್ದ ಮೂರು ಮೀಟರ್ ಆಗಿರುವುದರಿಂದ, ಅದರ ಕಾಲುಭಾಗ, ಎಂದರೆ 75 ಸೆಂಟಿಮೀಟರ್ ಉದ್ದದ ಸರಳು ಅದನ್ನು ಚೆನ್ನಾಗಿ ಹಿಡಿಯುತ್ತದೆ. ಹಳೆಯ ಕಾರುಗಳ ಎಳೆದು ನಿಲ್ಲಿಸುವ ಏರಿಯಲ್ಲುಗಳು ಉದ್ದವಾಗಿರುತ್ತಿದ್ದುದು ಈ ಕಾರಣಕ್ಕೇ. ಇಂದಿನ ಕಾರುಗಳ ಚಾವಣಿಯ ಗಿಡ್ಡ ಸರಳು ಹಿಡಿಯುವ ಸಂಕೇತ ಕ್ಷೀಣವಾಗಿರುವುದರಿಂದ, ಅದನ್ನು ಹಿಗ್ಗಿಸುವ ಆಂಪ್ಲಿಫೈಯರ್, ಅರ್ಥಾತ್ ಬೂಸ್ಟರ್, ಸರಳಿನ ಬುಡದಲ್ಲಿಯೇ ಇರುತ್ತದೆ. ವಿದ್ಯುತ್ತಿಲ್ಲದ ಬೂಸ್ಟರ್ ಸುಮ್ಮನೆ ಇದ್ದುಬಿಡುವುದಿಲ್ಲ. ಬಂದ ಅಲ್ಪ ಸಂಕೇತಕ್ಕೂ ಅಡ್ಡ ನಿಲ್ಲುತ್ತದೆ. ಬೂಸ್ಟರ್ ಇಲ್ಲದ ಸಾದಾ ತಂತಿಯೇ ಎಷ್ಟೋ ವಾಸಿ ಎನ್ನಿಸುವುದು ಇದರಿಂದಲೇ.

ಬೂಸ್ಟರಿಗೆ ವಿದ್ಯುತ್ತು ಎರಡು ದಾರಿಗಳಲ್ಲಿ ತಲುಪುತ್ತದೆ. ಒಂದು, ಪ್ರತ್ಯೇಕ ತಂತಿ: ಹೊರಗಿನಿಂದ ಕೊಂಡ ಬಹುತೇಕ ಸ್ಟೀರಿಯೊಗಳ ಹಿಂಬದಿಯ ನೀಲಿ ವೈರ್, ರೇಡಿಯೊ ಹಚ್ಚಿದಾಗ 12 ವೋಲ್ಟ್ ಕೊಟ್ಟು, ಆರಿಸಿದಾಗ ನಿಲ್ಲಿಸುತ್ತದೆ. ನೀಲಿಯ ಮೇಲೆ ಬಿಳಿ ಗೆರೆಯಿರುವ ವೈರ್ ಸ್ಪೀಕರ್ ಆಂಪ್ಲಿಫೈಯರ್‌ಗೆ ಮೀಸಲು. ಕೆಲವು ಮಾದರಿಗಳಲ್ಲಿ ಅಚ್ಚ ನೀಲಿ ತಂತಿಯಲ್ಲಿ ರೇಡಿಯೊ ಕೇಳುವಾಗ ಮಾತ್ರ ವಿದ್ಯುತ್ತು ಇರುವುದರಿಂದ, ಇವೆರಡನ್ನು ಅದಲುಬದಲು ಮಾಡಿದರೆ ಯುಎಸ್‌ಬಿ ಹಾಡಿಗೆ ಬದಲಾಯಿಸಿದೊಡನೆ ಸ್ಪೀಕರ್ ಆಂಪ್ಲಿಫೈಯರ್ ಮೌನವಾಗುತ್ತದೆ.

ಇನ್ನೊಂದು ದಾರಿ ಹೆಚ್ಚು ಕುತೂಹಲಕರ. ಫ್ಯಾಂಟಮ್ ಪವರ್ ಎಂಬ ಈ ವ್ಯವಸ್ಥೆಯಲ್ಲಿ ಸಂಕೇತ ಇಳಿದು ಬರುವ ಏರಿಯಲ್ ಕೇಬಲ್ಲಿನ ನಡುತಂತಿಯಲ್ಲೇ 12 ವೋಲ್ಟ್ ಮೇಲಕ್ಕೆ ಹೋಗುತ್ತದೆ. ಫೋಕ್ಸ್‌ವ್ಯಾಗನ್ ಬಳಗದ ಮೂಲ ಸ್ಟೀರಿಯೊಗಳು ಇದನ್ನು ಒಳಗಿನಿಂದಲೇ ಒದಗಿಸುತ್ತವೆ, ಹೊರಗಿನವು ಸಾಮಾನ್ಯವಾಗಿ ಒದಗಿಸುವುದಿಲ್ಲ. ಈ ಕೊರತೆಯನ್ನು ತುಂಬುವುದು ಕೇಬಲ್ಲಿಗೂ ಸ್ಟೀರಿಯೊಗೂ ನಡುವೆ ಸಿಕ್ಕಿಸುವ, ಒಂದು ಗಿಡ್ಡ ನೀಲಿ ತಂತಿಯುಳ್ಳ ಅಡಾಪ್ಟರ್. ಅದರೊಳಗಿನ ಸುರುಳಿ 12 ವೋಲ್ಟ್‌ನ ನೇರ ವಿದ್ಯುತ್ತನ್ನು ಏರಿಯಲ್ ಕಡೆಗೆ ಬಿಡುತ್ತ ರೇಡಿಯೊ ಸಂಕೇತ ನೀಲಿ ತಂತಿಯತ್ತ ಸೋರದಂತೆ ತಡೆದರೆ, ಕೆಪಾಸಿಟರ್ ಸಂಕೇತವನ್ನು ಸ್ಟೀರಿಯೊಗೆ ದಾಟಿಸಿ 12 ವೋಲ್ಟ್ ಅಲ್ಲಿಗೆ ನುಗ್ಗದಂತೆ ಕಾಯುತ್ತದೆ. ಅಡಾಪ್ಟರ್ ಹಾಕಿ ಅದರ ನೀಲಿ ತಂತಿಯನ್ನು ಸ್ಟೀರಿಯೊದ ನೀಲಿ ತಂತಿಗೆ ಜೋಡಿಸದೆ ಬಿಡುವುದು ಅವಸರದ ಫಿಟ್ಟಿಂಗಿನ ಮಾಮೂಲಿ ತಪ್ಪು. ಡ್ಯಾಶ್‌ಬೋರ್ಡ್ ಮುಚ್ಚುವ ಮುನ್ನ ರೇಡಿಯೊ ಹಚ್ಚಿ, ಮಲ್ಟಿಮೀಟರಿನ ಕಪ್ಪು ಮೊನೆಯನ್ನು ಕಾರಿನ ಲೋಹದ ಭಾಗಕ್ಕೂ ಕೆಂಪು ಮೊನೆಯನ್ನು ನೀಲಿ ಜೋಡಣೆಗೂ ಮುಟ್ಟಿಸಿದರೆ ವಿಷಯ ಕ್ಷಣದಲ್ಲಿ ಬಯಲಾಗುತ್ತದೆ.

ನೀಲಿ ತಂತಿಯ ಬದಲು ಸದಾ ಬ್ಯಾಟರಿಗೆ ಅಂಟಿಕೊಂಡ ಹಳದಿ ತಂತಿಗೆ ಜೋಡಿಸಿದರೂ ಎಫ್‌ಎಂ ಕೇಳಿಸುತ್ತದೆ, ನಿಜ. ಆದರೆ ನಿಲ್ಲಿಸಿಟ್ಟ ಕಾರಿನ ಬ್ಯಾಟರಿಯನ್ನು ಬೂಸ್ಟರ್ ಹಗಲಿರುಳೂ ಹೀರುತ್ತಿರುತ್ತದೆ. ಮೋಟಾರಿನಿಂದ ಮೇಲೇಳುವ ಹಳೆಯ ಬಗೆಯ ಏರಿಯಲ್ಲಿನ ಲೆಕ್ಕವೇ ಬೇರೆ. ಬೂಸ್ಟರಿಗೆ ಅಲ್ಪ ವಿದ್ಯುತ್ತು ಸಾಕಾದರೆ ಮೋಟಾರು ಹಲವು ಆಂಪಿಯರ್ ಬೇಡುವುದರಿಂದ, ಅದರ ಹೊರೆಯನ್ನು ನೇರವಾಗಿ ನೀಲಿ ತಂತಿಯ ಮೇಲೆ ಹೇರಿದರೆ ಸ್ಟೀರಿಯೊದ ಒಳಗಿನ ಸರ್ಕ್ಯೂಟ್ ಸುಡಬಹುದು. ಅಲ್ಲಿ ನೀಲಿ ತಂತಿ ರಿಲೇಗೆ ಸೂಚನೆಯನ್ನಷ್ಟೇ ಕೊಡಬೇಕು, ಮೋಟಾರಿನ ವಿದ್ಯುತ್ತು ಫ್ಯೂಸ್ ಮೂಲಕ ಬ್ಯಾಟರಿಯಿಂದ ಬರಬೇಕು.

ಇಷ್ಟಾದರೂ ಶಿರಾಡಿ ಘಾಟಿಯ ತಿರುವುಗಳಲ್ಲಿ ಎಫ್‌ಎಂ ಮಾಯವಾದರೆ ವೈರಿಂಗ್ ಕೆದಕಿ ಫಲವಿಲ್ಲ. ಬೆಟ್ಟ ಅಡ್ಡ ಬಂದಲ್ಲಿ ಈ ಅಲೆಗಳು ಬಲಗುಂದುತ್ತವೆ, ಬೂಸ್ಟರ್ ಆಗ ಹಿಗ್ಗಿಸುವುದು ಬಹುಪಾಲು ಗೊರಗೊರ ಸದ್ದನ್ನೇ.