ಹೆದೆ, ಹಾದಿ, ಡೇರೆ

ಕ್ರಿ.ಪೂ. 53ರಲ್ಲಿ ರೈನ್ ನದಿಯಾಚೆಯ ಸುಗಂಬ್ರಿ ಜನರ ಕುದುರೆಪಡೆಯು ಗಾಲ್ ದೇಶದ ಅತುವತುಕದಲ್ಲಿದ್ದ ರೋಮನ್ ಪಾಳೆಯದ ಮೇಲೆ ಹಠಾತ್ತನೆ ಎರಗಿದಾಗ, ಪಾಳೆಯದ ಮಣ್ಣುದಿಬ್ಬದ ಬುಡದಲ್ಲಿ ಬೀಡುಬಿಟ್ಟಿದ್ದ ವರ್ತಕರಿಗೆ ಹಿಂದೆಗೆಯುವಷ್ಟು ಅವಕಾಶವೂ ದೊರೆಯಲಿಲ್ಲವೆಂದು ಜೂಲಿಯಸ್ ಸೀಸರನು ತನ್ನ ಗಾಲ್ ಯುದ್ಧವೃತ್ತಾಂತದ ಆರನೆಯ ಭಾಗದಲ್ಲಿ ಬರೆದಿದ್ದಾನೆ. ಬೀಡುಬಿಡುವುದೆಂಬ ಅರ್ಥದಲ್ಲಿ ಅವನು ಅಲ್ಲಿ ಪ್ರಯೋಗಿಸಿರುವ ಕ್ರಿಯಾಪದ ‘ತೆಂದೆರೆ’. ಅದರ ಮೂಲಾರ್ಥವೋ ಎಳೆದು ಚಾಚುವುದು. ಆ ವರ್ತಕರು ಚಾಚಿದ್ದು ಏನನ್ನೆಂದು ಸೀಸರನು ಹೇಳುವುದಿಲ್ಲ. ಅವನ ಓದುಗರಿಗೆ ಅದನ್ನು ಹೇಳಬೇಕಾಗಿಯೂ ಇರಲಿಲ್ಲ.

ಎಂಟೆಂಟು ಮಂದಿಗೆ ಒಂದರಂತೆ ಚರ್ಮದ ಡೇರೆಗಳಲ್ಲಿ ಮಲಗುತ್ತಿದ್ದ, ದಂಡಯಾತ್ರೆಯಲ್ಲಿ ಪಯಣ ಮುಗಿದೊಡನೆ ಹದಮಾಡಿದ ತೊಗಲನ್ನು ಹಗ್ಗ ಗೂಟಗಳಿಂದ ಬಿಗಿದೆಳೆದು ಕಟ್ಟುವುದೇ ನಿತ್ಯಕರ್ಮವಾಗಿದ್ದ ರೋಮನ್ ಸೈನಿಕರ ನುಡಿಯಲ್ಲಿ, ಕರ್ಮಪದವು ತಾನಾಗಿಯೇ ಉದುರಿಹೋಗಿ, ಚಾಚುವುದೆಂದರೆ ತಂಗುವುದೆಂದೇ ರೂಢಿಯಾಯಿತೆಂದು ತೋರುತ್ತದೆ. ವರ್ಜಿಲನ ‘ಈನಿಡ್’ ಮಹಾಕಾವ್ಯದ ಎರಡನೆಯ ಸರ್ಗದಲ್ಲಿ, ಗ್ರೀಕರು ಹೊರಟುಹೋದರೆಂದು ನಂಬಿದ ಟ್ರಾಯ್ ನಗರದ ಜನರು ಬರಿದಾದ ಕಡಲತೀರವನ್ನು ಸುತ್ತಿನೋಡುತ್ತ, ಕ್ರೂರಿಯಾದ ಅಕಿಲೀಸನು ಬೀಡುಬಿಟ್ಟಿದ್ದ ಎಡೆಯನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುವಾಗಲೂ ಕವಿ ಬಳಸಿರುವುದು ಇದೇ ಪದವನ್ನು.

ಪಯಣವನ್ನು ಚಾಚುವುದು ಎಂಬ ನುಡಿಯಿಂದ ಪಯಣವೂ ಹೀಗೆಯೇ ಜಾರಿ, ಒಂದು ಗುರಿಯತ್ತ ಸಾಗುವುದು ಎಂಬ ಅರ್ಥ ಉಳಿಯಿತು. ಮನಸ್ಸನ್ನು ಒಂದರತ್ತ ಚಾಚುವುದು ಎಂಬಲ್ಲಿ ಮನಸ್ಸೂ ಮರೆಯಾಗಿ, ‘ಅತ್ತೆಂದೆರೆ’ ಎಂಬುದು ಬರಿದೇ ಗಮನವಿಡುವುದಾಯಿತು. ಶಾಲೆಯ ಕವಾಯತಿನಲ್ಲಿ ನಮ್ಮ ಮಕ್ಕಳು ಕೇಳುವ ‘ಅಟೆನ್ಷನ್’ ಅದರ ಮೊಮ್ಮಗ. ಬಿಲ್ಲನ್ನೆಳೆಯುವಾಗ ಮಾತ್ರ ಬಿಲ್ಲನ್ನು ಹೆಸರಿಸುವುದು ರೂಢಿ. ಅಪೊಲೊ ದೇವನು ಸದಾ ಬಿಲ್ಲೆಳೆದು ನಿಂತಿರುವುದಿಲ್ಲವೆಂದು ಹೊರೇಸನು ಹೇಳಿರುವುದುಂಟು. ಬಿರುಗಾಳಿಗೆ ಸಿಲುಕಿದ ಈನಿಯಾಸನು ನಕ್ಷತ್ರಗಳತ್ತ ಅಂಗೈಗಳೆರಡನ್ನೂ ಎತ್ತಿ ಚಾಚುವಲ್ಲಿ, ಪಾತಾಳದ ನದಿಯ ದಡದಲ್ಲಿ ಪ್ರೇತಗಳು ಆಚೆಯ ದಡದ ಹಂಬಲದಿಂದ ಕೈನೀಡುವಲ್ಲಿ, ವರ್ಜಿಲನು ಕೈಗಳನ್ನು ಬಿಡಲಿಲ್ಲ. ಬಿಟ್ಟಿದ್ದರೆ ಆ ಸಾಲುಗಳು ಸತ್ತೇ ಹೋಗುತ್ತಿದ್ದವೆಂದು ನನ್ನ ಅಭಿಪ್ರಾಯ.

ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್‌ಗಳಿಗೂ ಒಂದೇ ಮೂಲವಿರಬೇಕೆಂದು ವಿಲಿಯಂ ಜೋನ್ಸನು 1786ರಲ್ಲಿ ಕಲಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಪ್ರತಿಪಾದಿಸಿದಾಗ ಅವನ ಗಮನ ಸೆಳೆದದ್ದು ಧಾತುಗಳ ಮತ್ತು ವ್ಯಾಕರಣರೂಪಗಳ ಸಾಮ್ಯ. ‘ತೆಂದೆರೆ’ಯ ಸೋದರನಾದ ‘ತನ್’ ಧಾತುವನ್ನು, ತನಾದಿಗಣಕ್ಕೆ ಹೆಸರು ಕೊಟ್ಟ ಆ ‘ತನೋತಿ’ಯನ್ನು, ಸಂಸ್ಕೃತ ಓದಿದವರು ಬಲ್ಲರು. ಲ್ಯಾಟಿನ್ನಿನ ಭೂತರೂಪ ‘ತೆತೆಂದಿ’, ಸಂಸ್ಕೃತದ ಲಿಟ್ ರೂಪ ‘ತತಾನ’. ಎರಡರಲ್ಲಿಯೂ ಮೊದಲ ವ್ಯಂಜನಕ್ಕೆ ದ್ವಿತ್ವ. ಅಲ್ಲಿ ‘ತೆಂತೋರಿಯುಂ’ ಎಂದರೆ ಡೇರೆ, ಇಲ್ಲಿ ‘ವಿತಾನ’ವೆಂದರೆ ಮೇಲ್ಕಟ್ಟು. ಭಗವದ್ಗೀತೆಯ ಮೊದಲನೆಯ ಅಧ್ಯಾಯದಲ್ಲಿ ಅರ್ಜುನನು ಕೌರವರನ್ನು ಕರೆಯುವ ‘ಆತತಾಯಿ’ ಎಂಬ ಪದವೂ ಮೂಲದಲ್ಲಿ ಬಿಲ್ಲನ್ನು ಸೆಳೆದು ಹಿಡಿದವನನ್ನೇ ಸೂಚಿಸುತ್ತಿತ್ತು.

ಆದರೆ ಒಡಹುಟ್ಟಿದವರ ಬಾಳು ಒಂದೇ ಬಗೆಯಾಗಿರಬೇಕಿಲ್ಲ. ನೇಯುವುದಕ್ಕೆ ‘ತೆಕ್ಸೆರೆ’ ಎಂಬ ಬೇರೆಯೇ ಧಾತುವಿದ್ದುದರಿಂದಲೋ ಏನೋ, ಲ್ಯಾಟಿನ್ನಿನ ಚಾಚುವಿಕೆ ದಂಡಿನೊಡನೆ ಹೊರಟಿತು. ವೈದಿಕರ ‘ತನ್’ ಮಗ್ಗದ ಬಳಿಯೇ ಕುಳಿತು, ತಂತು, ತಂತ್ರಗಳನ್ನು ಹೆತ್ತು, ಯಜ್ಞವನ್ನೂ ಹಾಸಿನಂತೆ ಹರಡತಕ್ಕ ವಸ್ತುವೆಂದು ಭಾವಿಸಿತು. ಸಂತಾನವೂ ಅಲ್ಲಿಂದಲೇ. ವೀಣೆಯ ‘ತಂತ್ರೀ’ ಕನ್ನಡಕ್ಕೆ ತಂತಿಯಾಗಿ ಇಳಿದು, ಈಗ ಊರ ಹೊರಗಿನ ಎತ್ತರದ ಕಂಬಗಳ ಮೇಲೆ, ‘ತೆಂದೆರೆ’ಯ ಸಂತತಿಯಾದ ‘ಟೆನ್ಷನ್’ ಶಬ್ದದೊಡನೆ ಕೂಡಿ, ಹೈಟೆನ್ಷನ್ ತಂತಿಯಾಗಿದೆ.